ದೊಡ್ಡವರ ಸಹಿ

ಬಸವ್ವ ಮೂರು ಅಡಿ ನಾಲ್ಕು ಅಂಗುಲ ಎತ್ತರ ಇದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರನ್ನು ಕಂಡವರೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ, ಬಹಳ ಜನ ಅಷ್ಟಕ್ಕೇ ನೋಡುವುದನ್ನು ನಿಲ್ಲಿಸಿಬಿಡುತ್ತಿದ್ದರು.

೧೯೭೨ರಲ್ಲಿ ನಾನು ವಿಜಯನಗರದ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿದೆ. ಅಮ್ಮನ ಜೊತೆ ಹೊಸಹಳ್ಳಿಯ ಗಂಗಲಕ್ಷ್ಮಮ್ಮನವರ ವಠಾರಕ್ಕೆ ಬಾಡಿಗೆಗೆ ಬಂದಾಗ ಪಕ್ಕದ ಮನೆಯಲ್ಲಿ ಬಸವ್ವ, ಗುರುಸಿದ್ದಯ್ಯ, ಕೃಷ್ಣಯ್ಯ ಆಗಲೇ ಇದ್ದರು. ಮೂವರೂ ಗಿಡ್ಡ ದೇಹದವರು. ಒಂದೇ ಸರ್ಕಸ್ಸಿನಲ್ಲಿ ಹದಿನೈದು ವರ್ಷ ಊರೂರು ತಿರುಗಿದವರು. ಬೆಂಗಳೂರಿಗೆ ಬಂದಾಗ ಕಂಪನಿ ಮುಳುಗಿತು. ಮಾಲೀಕ ಪ್ರಾಣಿಗಳನ್ನು ಮಾರಿದ, ಜೋಕಾಲಿ ಆಟದವರಿಗೆ ಬೇರೆ ಕಂಪನಿಗಳಲ್ಲಿ ಜಾಗ ಹುಡುಕಿಕೊಟ್ಟ, ಈ ಮೂವರಿಗೆ ಒಂದು ಮಾತೂ ಹೇಳದೆ ಹೊರಟುಹೋದ. ಬೆಳಗ್ಗೆ ಎದ್ದು ನೋಡಿದರೆ ಡೇರೆಯ ಗೂಟ ಕಿತ್ತ ಗುಂಡಿಗಳು ಮಾತ್ರ ಇದ್ದವಂತೆ.

ಮೂವರಲ್ಲಿ ಯಾರೂ ಯಾರಿಗೂ ನೆಂಟರಲ್ಲ. ವಠಾರದಲ್ಲಿ ಮೊದಮೊದಲು ಅದರ ಬಗ್ಗೆ ಪಿಸುಮಾತು ಇತ್ತು. ಬಸವ್ವ ಒಂದು ದಿನ ಕೊಳಾಯಿ ಹತ್ತಿರ ಎಲ್ಲರೂ ಸೇರಿದ್ದಾಗ, "ಕೇಳೋದಿದ್ರ ನನ್ನನ್ನ ಕೇಳ್ರಿ, ಗ್ವಾಡೀನ್ನ ಯಾಕ ಕೇಳ್ತೀರಿ?" ಎಂದರಂತೆ. ಯಾರೂ ಕೇಳಲಿಲ್ಲ. ಅವರು ರಾಣೆಬೆನ್ನೂರಿನ ಕಡೆಯವರು. ನಮ್ಮ ಜೊತೆ ಬೆಂಗಳೂರಿನ ಮಾತನ್ನೇ ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಊರಿನ ಮಾತು ತಾನಾಗಿ ಹೊರಗೆ ಬರುತ್ತಿತ್ತು.

ಅವರ ಮನೆಯ ಚಿಲಕ ಬಾಗಿಲಿನ ಅರ್ಧಕ್ಕಿಂತ ಕೆಳಗಿತ್ತು, ಗೂಡುಗಳೆಲ್ಲ ನೆಲದಿಂದ ಎರಡು ಅಡಿಯೊಳಗೆ. ಬಾಗಿಲು ದಾಟಿದರೆ ಮಾತ್ರ ಎಲ್ಲವೂ ಬೇರೆಯವರ ಅಳತೆಯದು: ಬಸ್ಸಿನ ಮೆಟ್ಟಿಲು, ಅಂಗಡಿಯ ಕಟ್ಟೆ, ಅಂಚೆ ಪೆಟ್ಟಿಗೆಯ ಬಾಯಿ. ಬಸವ್ವ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನು ನೆಲದ ಮೇಲಿಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಗುರುಸಿದ್ದಯ್ಯನವರಿಗೆ ಐವತ್ತೈದು ದಾಟಿತ್ತು, ಮಂಡಿ ನೋವು. ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುತ್ತಿದ್ದರು. ಕೃಷ್ಣಯ್ಯ ರಾಜಾಜಿನಗರದ ಚನ್ನವೀರಪ್ಪನವರ ಪ್ರೆಸ್ಸಿನಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಂತು ಅಚ್ಚುಮೊಳೆ ಜೋಡಿಸುತ್ತಿದ್ದರು. ಓದಿದವರು, ಪೊದೆಮೀಸೆಯವರು, ಮಾತಿನಲ್ಲಿ ತಪ್ಪಿಲ್ಲದವರು. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೂ ಮದುವೆಯೇ ಕೆಟ್ಟಿತು ಅನ್ನುವಂತೆ ಒದ್ದಾಡುತ್ತಿದ್ದರು.

೧೯೭೬ರ ಜನವರಿ, ಸಂಕ್ರಾಂತಿ ಕಳೆದ ಸೋಮವಾರ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದ ಕೃಷ್ಣಯ್ಯ ಮನೆಗೆ ಬರಲಿಲ್ಲ.

ಮಂಗಳವಾರ ಬೆಳಕು ಹರಿಯುತ್ತಲೇ ಬಸವ್ವ, ಗುರುಸಿದ್ದಯ್ಯ ಹುಡುಕಲು ಹೊರಟರು. ಬಸ್ಸಿನಲ್ಲಿ ಕಂಡಕ್ಟರ್ ನಗುತ್ತಾ ಎರಡು ಅರ್ಧ ಟಿಕೆಟ್ ಹರಿದುಕೊಟ್ಟ. ಬಸವ್ವ ಅದನ್ನು ವಾಪಸು ಕೊಟ್ಟು, ಪೂರಾ ಟಿಕೆಟ್ ಕೊಡುವ ತನಕ ಅವನನ್ನು ಮುಂದಕ್ಕೆ ಬಿಡಲಿಲ್ಲ. ಪ್ರೆಸ್ಸಿನಲ್ಲಿ ಚನ್ನವೀರಪ್ಪನವರು, "ನಿನ್ನೆ ಅವರು ಬರಲೇ ಇಲ್ಲವಲ್ಲಮ್ಮ, ಹುಷಾರಿಲ್ಲ ಅಂದ್ಕೊಂಡೆ" ಎಂದರು. ಅಲ್ಲಿಂದ ಪೊಲೀಸ್ ಠಾಣೆ.

ಠಾಣೆಯ ಮೇಜು ಬಸವ್ವನವರ ಹಣೆಗಿಂತ ಎತ್ತರ. "ನಮ್ಮೋರೊಬ್ರು ಕಾಣಿಸ್ತಿಲ್ಲ ಸಾರ್" ಎಂದಾಗ ಪೇದೆ, "ಯಾರದು ಮಾತಾಡೋದು?" ಎಂದು ಅತ್ತಿತ್ತ ನೋಡಿ, ಆಮೇಲೆ ಬಗ್ಗಿ ನೋಡಿದ.

"ಬನ್ರೋ ಇಲ್ಲಿ!" ಎಂದು ಒಳಗಿದ್ದವರನ್ನು ಕರೆದ. "ಏನಮ್ಮ, ಸರ್ಕಸ್ ಬಂದಿದ್ಯಾ ಊರಿಗೆ?"

"ಮನುಷ್ಯ ಕಳೆದುಹೋಗಿದಾರೆ. ಹೆಸರು ಕೃಷ್ಣಯ್ಯ. ವಯಸ್ಸು ನಲವತ್ನಾಲ್ಕು."

"ಎತ್ತರ?"

"ಮೂರೂವರೆ ಅಡಿ."

"ಹಾಗಾದ್ರೆ ಮಕ್ಕಳ ಲೆಕ್ಕದಲ್ಲಿ ಬರ್ಕೋಬೇಕು" ಎಂದ. ಎಲ್ಲರೂ ನಕ್ಕರು. ಯಾರೂ ಏನೂ ಬರೆದುಕೊಳ್ಳಲಿಲ್ಲ.

ಇದನ್ನು ಅವರು ಬಂದು ಹೇಳಿದಾಗ ನನಗೆ ಮೈ ಉರಿಯಿತು. ಆದರೆ ನಾನು ಆಡಿದ ಮಾತನ್ನೂ ಮುಚ್ಚಿಡಬಾರದು. "ಜೊತೆಗೆ ದೊಡ್ಡವರು ಯಾರಾದ್ರೂ ಇದ್ದಿದ್ರೆ ಹೀಗಾಗ್ತಿರಲಿಲ್ಲವೇನೋ, ನಾನು ಬರ್ತಿದ್ದೆ" ಎಂದುಬಿಟ್ಟೆ. ನನಗಾಗ ಇಪ್ಪತ್ತಾರು. ಬಸವ್ವ ನನ್ನನ್ನು ಒಂದು ಕ್ಷಣ ನೋಡಿ, ಮಿಷನ್ನಿನ ಚಕ್ರ ತಿರುಗಿಸತೊಡಗಿದರು.

ಬುಧವಾರ ಆಸ್ಪತ್ರೆಗಳನ್ನು ಸುತ್ತಿದರು. ಗುರುಸಿದ್ದಯ್ಯನವರ ಮಂಡಿ ಊದಿತು. ಬೀದಿಯಲ್ಲಿ ಹುಡುಗರು ಹಿಂದೆ ಬಂದರು, ಬಾಲ್ಕನಿಗಳಿಂದ ಜನ ಇಣುಕಿದರು. ಇಷ್ಟು ದೊಡ್ಡ ಊರು ಇವರಿಬ್ಬರನ್ನು ಕಣ್ಣುಬಿಟ್ಟು ನೋಡಿತು. ಮೂರನೆಯವರನ್ನು ಮಾತ್ರ ಯಾರೂ ನೋಡಿರಲಿಲ್ಲ.

ಗುರುವಾರ ಸಿಕ್ಕಿದ್ದು ಬಸ್‌ಸ್ಟಾಪಿನ ಪಕ್ಕ ಹೂವು ಮಾರುವ ಚಿಕ್ಕಗಂಗಮ್ಮ. ಆಕೆ ಸೋಮವಾರ ಮಧ್ಯಾಹ್ನವೇ ಜಾತ್ರೆಗೆಂದು ಊರಿಗೆ ಹೋಗಿದ್ದು ಅವತ್ತಷ್ಟೇ ಬಂದಿದ್ದಳು.

"ಅಯ್ಯೋ, ನಿಮಗೆ ಗೊತ್ತೇ ಇಲ್ವಾ? ಸೋಮವಾರ ಭಿಕ್ಷೆಯವರನ್ನ ಹಿಡಿಯೋ ಗಾಡಿ ಬಂತು ಕಣವ್ವಾ. ಕೃಷ್ಣಯ್ಯನೋರು ಮೋರಿ ಕಟ್ಟೆ ಮೇಲೆ ಕೂತು ಬಸ್ಸು ಕಾಯ್ತಿದ್ರು. ಪಕ್ಕದಲ್ಲಿದ್ದ ಕುಂಟನ್ನ, ಮುದುಕೀನ ಎತ್ತಾಕೊಂಡ್ರು, ಇವರನ್ನೂ ಎತ್ತಾಕೊಂಡ್ರು. ಕೆಲಸಕ್ಕೆ ಹೋಗೋನು ನಾನು, ಕೆಳಗಿಳಿಸ್ರೋ ಅಂತ ಕೂಗ್ತಾನೇ ಇದ್ರು. ಇಂಗ್ಲೀಷಲ್ಲೂ ಬೈದ್ರು. ಮಗೂನ ಎತ್ತಿದ ಹಾಗೆ ಕಂಕುಳಲ್ಲಿ ಎತ್ಕೊಂಡು ಹೋದ್ರವ್ವಾ."

ತುರ್ತುಪರಿಸ್ಥಿತಿಯ ಕಾಲ. ಊರು ಚೊಕ್ಕಟವಾಗಿ ಕಾಣಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಚೊಕ್ಕಟ ಮಾಡುವವರು ಯಾರನ್ನು ಗುಡಿಸುತ್ತಿದ್ದಾರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಾಗೆ ಹಿಡಿದವರನ್ನು ಸುಂಕದಕಟ್ಟೆಯಿಂದ ಆಚೆ ಒಂದು ಆಶ್ರಯಧಾಮದಲ್ಲಿ ಇಡುತ್ತಾರೆಂದು ತಿಳಿಯಿತು. ಶುಕ್ರವಾರ ನಾನು ರಜೆ ಹಾಕಿದೆ. ಬಸವ್ವ, "ಬರ್ರಿ ಟೀಚರ್. ಆದ್ರ ಅಲ್ಲಿ ಬಾಯಿ ತೆಗೀಬ್ಯಾಡ್ರಿ" ಎಂದರು. ಒಪ್ಪಿಕೊಂಡೆ. ಊದಿದ ಮಂಡಿಯಲ್ಲೇ ಗುರುಸಿದ್ದಯ್ಯನವರೂ ಜೊತೆಗೆ ಹೊರಟರು.

ಅಲ್ಲಿನ ಅಧಿಕಾರಿಯ ಹೆಸರು ಶ್ಯಾಮಸುಂದರ. ಇಸ್ತ್ರಿ ಮಾಡಿದ ಬುಷ್ ಶರ್ಟು, ವಯಸ್ಸು ಮೂವತ್ತರ ಆಚೀಚೆ. ಕೇಳುತ್ತಿದ್ದವರು ಬಸವ್ವ, ಅವನು ಉತ್ತರ ಕೊಡುತ್ತಿದ್ದದ್ದು ನನಗೆ.

"ಕೃಷ್ಣಯ್ಯ ಅನ್ನೋರನ್ನ ಸೋಮವಾರ ಇಲ್ಲಿಗೆ ಕರ್ಕೊಂಡು ಬಂದಿದಾರೆ" ಎಂದರು ಬಸವ್ವ.

"ಏನು ಮೇಡಂ ಇವಳು ಹೇಳ್ತಿರೋದು?" ಎಂದು ನನ್ನನ್ನು ಕೇಳಿದ. ನಾನು ಬಸವ್ವನವರ ಕಡೆ ಕೈ ತೋರಿಸಿದೆ. ಅವನು ಬೇಸರದಿಂದ ರಿಜಿಸ್ಟರ್ ತೆಗೆದ. ಕೃಷ್ಣಯ್ಯ ಎಂಬ ಹೆಸರು ಇರಲಿಲ್ಲ. ಬೆರಳು ಕೆಳಗಿಳಿಯುತ್ತಾ ಒಂದು ಕಡೆ ನಿಂತಿತು. "ಓ, ಇದಿರಬೇಕು" ಎಂದ. ನಾನು ಮೇಜಿನ ಮೇಲಿಂದ ಓದಿದೆ. ಹೆಸರಿನ ಕಲಂನಲ್ಲಿ ಬರೆದಿತ್ತು: ಕುಳ್ಳ – ೨.

ಓದಿ ಹೇಳಿ ಎಂದು ಬಸವ್ವ ಸನ್ನೆ ಮಾಡಿದರು. ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

ಕೃಷ್ಣಯ್ಯನವರನ್ನು ಕರೆತಂದರು. ನನಗೆ ಗುರುತೇ ಸಿಗಲಿಲ್ಲ. ಹೇನು ಎಂದು ಹೇಳಿ ತಲೆ ಬೋಳಿಸಿದ್ದರು, ಮೀಸೆಯನ್ನೂ ಬೋಳಿಸಿದ್ದರು, ಹುಡುಗರ ಖಾಕಿ ಚಡ್ಡಿ ಹಾಕಿದ್ದರು. ಮಕ್ಕಳ ಷೆಡ್ಡಿನಲ್ಲಿ ಇಟ್ಟಿದ್ದರಂತೆ. ಅವರು ನಮ್ಮ ಮುಖ ನೋಡದೆ ಗೋಡೆ ನೋಡುತ್ತಾ ನಿಂತರು.

"ಸರಿ ಮೇಡಂ, ಕರ್ಕೊಂಡು ಹೋಗಿ" ಎಂದ ಶ್ಯಾಮಸುಂದರ, ಒಂದು ಕಾಗದವನ್ನು ನನ್ನ ಕಡೆ ತಳ್ಳುತ್ತಾ. "ಇಲ್ಲೊಂದು ಸಹಿ ಹಾಕಿ. ಜವಾಬ್ದಾರಿ ತಗೊಂಡಿದೀನಿ ಅಂತ. ದೊಡ್ಡವರ ಸಹಿ ಬೇಕು."

ನಾನು ಪೆನ್ನು ತೆಗೆದೇಬಿಟ್ಟೆ. ಒಂದು ಸಹಿ ತಾನೇ, ಆ ಮನುಷ್ಯ ಹೊರಗೆ ಬರುತ್ತಾರಲ್ಲ ಅನಿಸಿತು.

"ಪೆನ್ನು ಮುಚ್ಚ್ರಿ ಟೀಚರ್" ಎಂದರು ಬಸವ್ವ.

ಗುರುಸಿದ್ದಯ್ಯ ಮೆಲ್ಲಗೆ, "ಹಾಕಿಬಿಡ್ಲಿ ಬಿಡವ್ವಾ. ಮೊದಲು ಮನೆಗೆ ಹೋಗೋಣ" ಎಂದರು.

ಆಗ ಕೃಷ್ಣಯ್ಯ ಮೊದಲ ಸಲ ಬಾಯಿಬಿಟ್ಟರು. ಗೋಡೆಯಿಂದ ಕಣ್ಣು ತೆಗೆಯದೆ, "ಟೀಚರ್ ಸಹಿ ಬೇಡ. ಬೇಕಾದ್ರೆ ಇನ್ನೂ ನಾಲ್ಕು ದಿನ ಇಲ್ಲೇ ಇರ್ತೀನಿ" ಎಂದರು.

ನಾನು ಪೆನ್ನು ಮುಚ್ಚಿದೆ.

ಬಸವ್ವ ಹೊರಗೆ ಹೋಗಿ ಜಗಲಿಯಲ್ಲಿದ್ದ ಕಾವಲುಗಾರನ ಸ್ಟೂಲನ್ನು ಎಳೆದುಕೊಂಡು ಬಂದರು. ಕಲ್ಲು ನೆಲದ ಮೇಲೆ ಅದು ಕಿರ್ರೆಂದು ಕೂಗಿತು. ಯಾರೂ ಸಹಾಯ ಮಾಡಲಿಲ್ಲ, ನನಗೂ ಮಾಡಬಾರದೆಂದು ಗೊತ್ತಿತ್ತು. ಹತ್ತಿ ನಿಂತರು. ಈಗ ಅವರ ಮುಖ ಶ್ಯಾಮಸುಂದರನ ಮುಖದ ಎದುರಿಗೇ ಇತ್ತು.

"ನನ್ನ ವಯಸ್ಸು ನಲವತ್ತೊಂದು ಐತ್ರಿ. ನಿಮ್ಮದೆಷ್ಟು?"

"ಅದೆಲ್ಲ ನಿನಗ್ಯಾಕಮ್ಮ?"

"ಕೇಳಾಕತ್ತೀನಿ, ಹೇಳ್ರಿ."

"ಮೂವತ್ತೆರಡು."

"ಹಂಗಾದ್ರ ಈ ಖೋಲ್ಯಾಗ ನಿಮಗಿಂತ ದೊಡ್ಡಾಕಿ ನಾನು. ಆ ಟೀಚರ್ ನನಗಿಂತ ಹದಿನೈದು ವರ್ಷ ಸಣ್ಣಾಕಿ. ಆಕೀ ಸಹಿ ಹೆಂಗ ದೊಡ್ಡವರ ಸಹಿ ಆಗ್ತೈತಿ?"

"ರೂಲ್ಸು ಹಾಗಿದೆ."

"ಯಾವ ರೂಲ್ಸಿನ್ಯಾಗ ಎತ್ತರ ಬರದೈತಿ? ತೋರಸ್ರಿ. ಈ ಟೀಚರ್ ಓದ್ತಾರ."

ಅವನು ನಿಯಮದ ಪುಸ್ತಕ ತೆಗೆಯಲಿಲ್ಲ. "ಇವನು ನಿಮಗೇನಾಗಬೇಕು?" ಎಂದು ಬೇರೆ ದಾರಿ ಹಿಡಿದ. ಬಸವ್ವ ಚೀಲದಿಂದ ರೇಷನ್ ಕಾರ್ಡ್ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಮನೆಯ ಯಜಮಾನರ ಹೆಸರಿನ ಮುಂದೆ ಬಸವ್ವ ಎಂದೇ ಇತ್ತು. ಕೆಳಗೆ ಗುರುಸಿದ್ದಯ್ಯ, ಕೃಷ್ಣಯ್ಯ. ಮೂವರ ಹೆಸರಿನ ಎದುರಿಗೂ ವಯಸ್ಕರು ಎಂದು ಬರೆದು ಸರ್ಕಾರದ್ದೇ ಮೊಹರು ಒತ್ತಿತ್ತು.

"ಕೆಲಸಕ್ಕ ಹೊಂಟ ಮನುಷ್ಯಾನ್ನ ಹಿಡದೀರಿ. ಹೆಸರು ಹೇಳಿದ್ರೂ ಬರಕೊಳ್ಳಲಿಲ್ಲ. ಮೀಸಿ ಬೋಳಿಸೀರಿ. ಈಗ ಬಿಡಿಸ್ಕೊಳ್ಳಾಕ ಬಂದ್ರ, ನಿನಗಿಂತ ಉದ್ದ ಇರೋರನ್ನ ತಾ ಅಂತೀರಿ. ನಾ ಇಲ್ಲಿಂದ ಇಳಿಯೂದಿಲ್ಲ."

ಇಳಿಯಲಿಲ್ಲ. ಶ್ಯಾಮಸುಂದರ ಊಟಕ್ಕೆ ಹೋಗಿ ಬಂದ. ಬಸವ್ವ ಸ್ಟೂಲಿನ ಮೇಲೆ ನಿಂತೇ ಇದ್ದರು. ಬೇರೆ ಕೆಲಸಕ್ಕೆ ಬಂದ ಜನ ಇವರನ್ನು ನೋಡಿ, ಅವನನ್ನು ನೋಡಿ ಹೋದರು. ಮೂರೂವರೆಗೆ ಅವನು ಕಾಗದವನ್ನು ಬಸವ್ವನವರ ಮುಂದೆ ಇಟ್ಟ. ಅವರು ಮೊದಲು ರಿಜಿಸ್ಟರನ್ನು ತರಿಸಿದರು. ಕುಳ್ಳ ಎಂಬುದನ್ನು ಹೊಡೆದುಹಾಕಿ ಕೃಷ್ಣಯ್ಯ ಎಂದು ಬರೆಸಿದರು. ಕೃಷ್ಣಯ್ಯನವರೇ ಹತ್ತಿರ ಬಂದು, "ಯ ಒತ್ತು ಸರಿಯಾಗಿ ಬರೀರಿ" ಎಂದರು. ಆಮೇಲೆ ಬಸವ್ವ ಸಹಿ ಹಾಕಿದರು.

ಅಲ್ಲಿಗೆ ಮುಗಿಯಬೇಕಿತ್ತು. ಬಸವ್ವ ಸ್ಟೂಲಿನಿಂದ ಇಳಿಯುತ್ತಾ ನಿಂತರು.

"ಎರಡು ಅಂತ ಬರದಿದ್ರಲ್ಲ. ಒಂದು ಯಾರು?"

ಶ್ಯಾಮಸುಂದರನಿಗೆ ಗೊತ್ತಿರಲಿಲ್ಲ. ಗುಮಾಸ್ತನೊಬ್ಬ ಹಳೆಯ ರಿಜಿಸ್ಟರ್ ತಂದ. ಎರಡು ವರ್ಷದ ಹಿಂದಿನ ದಾಖಲೆಯಲ್ಲಿ ಕುಳ್ಳ – ೧ ಎಂದಿತ್ತು. ಅವನು ನಮ್ಮನ್ನು ಹಿಂದಕ್ಕೆ ಕರೆದೊಯ್ದ. ಹಿತ್ತಲಿನ ಅಡಿಗೆಮನೆಯ ಪಕ್ಕ ತೆಂಗಿನ ನಾರು ಬಿಡಿಸುತ್ತಾ ಒಬ್ಬರು ಕೂತಿದ್ದರು. ಈ ಮೂವರಿಗಿಂತಲೂ ಗಿಡ್ಡ, ಅರವತ್ತರ ಹತ್ತಿರ, ಬೆನ್ನು ಬಾಗಿತ್ತು. ತಮ್ಮಂಥ ಮೂವರು ಒಟ್ಟಿಗೆ ನಡೆದು ಬರುವುದನ್ನು ನೋಡಿ ಅವರ ಕೈಯಿಂದ ನಾರು ಜಾರಿತು.

"ನಿಮ್ಮ ಹೆಸರೇನ್ರಿ?" ಬಸವ್ವ ಕೇಳಿದರು.

ಅವರು ಬಹಳ ಹೊತ್ತು ಸುಮ್ಮನಿದ್ದರು. ಹೇಳುವುದೋ ಬೇಡವೋ ಎಂದಲ್ಲ. ಎಲ್ಲೋ ಇಟ್ಟು ಮರೆತದ್ದನ್ನು ಹುಡುಕುವವರ ಹಾಗೆ. ಕೊನೆಗೆ, "ನಾಣಿ" ಎಂದರು.

ಬಸವ್ವ ಅವತ್ತು ಅತ್ತದ್ದು ಅಲ್ಲಿ. "ಎರಡು ವರ್ಷ! ಒಬ್ರೂ ಹೆಸರು ಕೇಳಲಿಲ್ಲೇನ್ರಿ?" ಎಂದು ಗುಮಾಸ್ತನ ಮೇಲೆ ಕೂಗಾಡಿದರು.

ನಾಣಿಯವರನ್ನು ಅವತ್ತು ಬಿಡಲಿಲ್ಲ. ವಿಳಾಸವಿಲ್ಲ, ಕಾರ್ಡಿಲ್ಲ. ಬಸವ್ವ ಎರಡು ತಿಂಗಳಲ್ಲಿ ಆರು ಸಲ ಸುಂಕದಕಟ್ಟೆಗೆ ಹೋದರು. ಗಂಗಲಕ್ಷ್ಮಮ್ಮನವರು ತಮ್ಮ ಮನೆಯಲ್ಲಿ ಜಾಗವಿದೆ ಎಂದು ಬರೆದುಕೊಟ್ಟರು. ಮಾರ್ಚ್‌ನಲ್ಲಿ ನಾಣಿ ಬಂದು ಗುರುಸಿದ್ದಯ್ಯನವರ ಪಕ್ಕ ಊದಿನಕಡ್ಡಿ ಹೊಸೆಯಲು ಕೂತರು.

ಕೃಷ್ಣಯ್ಯ ಮೀಸೆ ಬೆಳೆಯುವವರೆಗೆ ಪ್ರೆಸ್ಸಿಗೆ ಹೋಗಲಿಲ್ಲ. ಹೋದ ದಿನವೇ ಆಶ್ರಯಧಾಮದ ಮೇಲೆ ದೂರು ಬರೆದು, ತಾವೇ ಅಚ್ಚುಮೊಳೆ ಜೋಡಿಸಿದರು. ಚನ್ನವೀರಪ್ಪನವರು ಒಳ್ಳೆಯವರು, ಆದರೆ ಅದನ್ನು ಓದಿ ಬೆವತರು. "ಕಾಲ ಸರಿಯಿಲ್ಲ ಕೃಷ್ಣಯ್ಯ. ಪ್ರೆಸ್ಸಿಗೇ ಬೀಗ ಹಾಕ್ತಾರೆ" ಎಂದು ಮೊಳೆಗಳನ್ನು ಬಿಚ್ಚಿಸಿದರು. ಮುಂದಿನ ವರ್ಷ ತುರ್ತುಪರಿಸ್ಥಿತಿ ಹೋದ ಮೇಲೆ ಅವರೇ ಕರೆದು, "ಈಗ ಹಾಕು" ಎಂದರು. ಇಪ್ಪತ್ತೈದು ಪ್ರತಿ ಅಚ್ಚಾಯಿತು. ಬಸವ್ವ ಒಂದೊಂದನ್ನೂ ಒಂದೊಂದು ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು.

ಏಳು ತಿಂಗಳಿಗೆ ಒಂದೇ ಒಂದು ಉತ್ತರ ಬಂತು. ಕೃಷ್ಣಯ್ಯ ಪ್ರೆಸ್ಸಿನಿಂದ ಬರುವವರೆಗೆ ಕಾಯದೆ ಬಸವ್ವ ಅದನ್ನು ನನ್ನ ಹತ್ತಿರ ತಂದು ಓದಿಸಿದರು. ತಮ್ಮ ದೂರನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ ಎಂದಿತ್ತು.

"ಸಂಬಂಧಪಟ್ಟವರು ಅಂದ್ರ ಯಾರ್ರಿ ಟೀಚರ್?"

"ಆ ಇಲಾಖೆಯವರು ಇರಬೇಕು."

"ಅವರಿಗೇನು ಸಂಬಂಧ? ಹಿಡಕೊಂಡು ಹೋಗಿದ್ದು ನಮ್ಮನ್ನ. ಬೋಳಿಸಿದ್ದು ನಮ್ಮನ್ನ" ಎಂದು ಪತ್ರ ಕಿತ್ತುಕೊಂಡರು. ಉತ್ತರ ನಾನು ಬರೆದುಕೊಡಲೇ ಎಂದು ಕೇಳಿದೆ. ಬೇಡ ಎಂದರು. ಸಂಜೆ ನೆಲದ ಮೇಲೆ ಮಿಷನ್ನು ಪಕ್ಕಕ್ಕೆ ಸರಿಸಿ, ಅದರ ಮರದ ಮುಚ್ಚಳದ ಮೇಲೆ ಹಾಳೆ ಇಟ್ಟು, ಕೃಷ್ಣಯ್ಯನವರನ್ನು ಒಂದೊಂದೇ ಅಕ್ಷರ ಕೇಳುತ್ತಾ ತಾವೇ ಬರೆಯಲು ಶುರುಮಾಡಿದರು.