ಹೊನ್ನಾಳಿಯಲ್ಲಿ ಸಿಕ್ಕ ಒಂದನೇ ಮಟ್ಟ

ಎಂಬತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಒಂದು ದಲಾಲಿ ಮಂಡಿಗೆ ಕಂಪ್ಯೂಟರ್ ಕೂರಿಸಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಜೇಬಿನ ಫ್ಲಾಪಿ ಹಾಕಿ ನನ್ನ ಆಟ ತೆರೆದೆ. ಅದರಲ್ಲಿ ನನ್ನ ವೀರನು ಇಲಿ, ಬಾವಲಿಗಳನ್ನು ಕೊಂದು ಅನುಭವದ ಅಂಕ ಗಳಿಸಿ ಎಂಟನೇ ಮಟ್ಟಕ್ಕೇರಿದ್ದ.

ಪಕ್ಕದ ಗರಡಿಯಲ್ಲಿ ಕುಸ್ತಿ ಕಲಿಸುವ ಉಸ್ತಾದರು ಬಂದು ಇಣುಕಿದರು. ವೀರ ಏರಿದ್ದ ಎಂಟನೇ ಮಟ್ಟ ತೋರಿಸಿದೆ. "ಇವನ್ನ ಮೇಲಕ್ಕೆ ಏರ್ಸಿದ್ದು ಯಾರ್ರೀ?"

"ಮಷೀನೇ. ಕೊಂದಷ್ಟೂ ಅನುಭವ ಹೆಚ್ಚುತ್ತೆ."

"ಬಿದ್ರೆ?"

"ಸತ್ತ, ಅಷ್ಟೆ. ಅದಕ್ಕೇ ಬೀಳದ ಹಂಗೆ ಆಡ್ತೀನಿ" ಎಂದೆ, ಬೀಗುತ್ತಾ.

"ಅಂದ್ರೆ ಬೀಳಾಕೇ ಕಲ್ತಿಲ್ಲ. ನಮ್ಮಲ್ಲಿ ಕೆಡವಿದೋನೇ ನಿಮ್ಮ ಹಣೆಗೆ ಮಣ್ಣು ಹಚ್ಬೇಕು, ಆಗ ಲೆಕ್ಕಕ್ಕೆ ಬರ್ತೀರಿ. ಬರ್ರಿ."

ಮಾತಿನಲ್ಲಿ ಸೋಲಬಾರದೆಂದು ಪ್ಯಾಂಟು ಮಡಚಿ ಗರಡಿಯ ಕೆಮ್ಮಣ್ಣಿಗೆ ಇಳಿದೆ. ಒಬ್ಬ ಪೈಲ್ವಾನ ನನ್ನನ್ನು ಅಕ್ಕಿಮೂಟೆಯಂತೆ ಎತ್ತಿ ಕೆಡವಿದ. ಎದ್ದೆ. ಮತ್ತೆ ಕೆಡವಿದ. ಮತ್ತೆ ಎದ್ದು ತೊಡೆ ತಟ್ಟಿದೆ. ಅವನು ಜೋರಾಗಿ ನಕ್ಕು, ಚಿಟಿಕೆ ಮಣ್ಣು ತೆಗೆದು ನನ್ನ ಹಣೆಗೆ ಹಚ್ಚಿದ.

"ಈಗ ನೋಡ್ರಿ, ಒಂದನೇ ಮಟ್ಟ" ಅಂದರು ಉಸ್ತಾದರು. ಹಣೆಯ ಮಣ್ಣು ಒರೆಸಿಕೊಳ್ಳದೇ ಬಸ್ಸು ಹತ್ತಿದೆ.

ಎಂಟನೇ ಮಟ್ಟದ ವೀರ ಫ್ಲಾಪಿ ಸಮೇತ ಎಲ್ಲೋ ಕಳೆದುಹೋದ. ನನ್ನ ಒಂದನೇ ಮಟ್ಟ ಮಾತ್ರ ಸೊಂಟದಲ್ಲಿ ಭದ್ರವಾಗಿದೆ. ಮೋಡ ಕವಿದಾಗಲೆಲ್ಲ ನೋವಿನ ಹಾಜರಿ ಹಾಕುತ್ತದೆ.