ಅತ್ತೆಗೆ ನಾನು ಕೊಟ್ಟ ವಿಶ್ರಾಂತಿ

ನಮ್ಮ ಸೋದರತ್ತೆ ಶರಣಮ್ಮನನ್ನು ಮುದುಕಿ ಮಾಡಿದವನು ನಾನೇ. ಅದೂ ಬರೀ ಆರು ತಿಂಗಳಲ್ಲಿ. ಪ್ರೀತಿಯಿಂದಲೇ ಮಾಡಿದೆ ಎಂಬುದಷ್ಟೇ ನನಗೆ ಸಮಾಧಾನ.

ಅತ್ತೆ ಮಸ್ಕಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು ರೊಟ್ಟಿ ಬಡಿಯುತ್ತಲೇ ಅರವತ್ತೈದು ದಾಟಿದ್ದಳು. ಬಂಡಿ ಹೊಡೆಯುವವರು, ಸಂತೆಗೆ ಬಂದವರು, ಸಿಪಾಯಿಗಳು ಎಲ್ಲ ಅವಳ ಗಿರಾಕಿಗಳೇ. ನಿಜಾಮನ ರಾಜ್ಯ ಹೋದದ್ದು ಅವಳಿಗೆ ತಿಳಿದದ್ದೂ ಊಟಕ್ಕೆ ಬಂದ ಸಿಪಾಯಿಯ ಟೊಪ್ಪಿಗೆ ಬದಲಾದಾಗ!

ಆಮೇಲೆ ನನಗೆ ಸಿಂಧನೂರಿನಲ್ಲಿ ಮಾಸ್ತರಿಕೆ ಸಿಕ್ಕಿತು. ಪಗಾರ ಎಣಿಸುವ ಮನುಷ್ಯನ ಅತ್ತೆ ಒಲೆಯ ಹೊಗೆ ಕುಡಿಯುವುದೇ? "ಇನ್ನ ಸಾಕು ಅತ್ತಿ, ನೀ ಆರಾಮ ಕುಂದ್ರು" ಎಂದು ಖಾನಾವಳಿಗೆ ಬೀಗ ಹಾಕಿಸಿ ಕರೆತಂದೆ. ನನ್ನ ಹೆಂಡತಿಯೂ ಒಳ್ಳೆಯವಳು. ಅತ್ತೆ ಕೊಡ ಎತ್ತಿದರೆ ಕಸಿದುಕೊಳ್ಳುವಳು, ಕಸಬರಿಗೆ ಹಿಡಿದರೆ ಬಚ್ಚಿಡುವಳು. ಇಬ್ಬರು ಒಳ್ಳೆಯವರ ನಡುವೆ ಸಿಕ್ಕಿದ ಹಿರಿಯರನ್ನು ಶಿವನೇ ಕಾಯಬೇಕು. ದೀಪಾವಳಿಗೆ ಬಂದವಳು ಸಂಕ್ರಾಂತಿಗೆ ಗೋಡೆ ಹಿಡಿದಳು, ಶಿವರಾತ್ರಿಗೆ ಕೋಲು ಹಿಡಿದಳು, ಬೇಸಿಗೆಯಲ್ಲಿ ಒಂದು ದಿನ ಬಚ್ಚಲಲ್ಲಿ ಬಿದ್ದೇ ಬಿಟ್ಟಳು.

ಎಲುಬು ಮುರಿಯಲಿಲ್ಲ. ಆದರೆ ಎತ್ತಿಕೊಂಡಾಗ ನಾನು ಬೆಚ್ಚಿದೆ. ಮೈಯಲ್ಲಿ ಭಾರವೇ ಇರಲಿಲ್ಲ. ಡಾಕ್ಟರು ಬಂದು ಊಟದ ಬಗ್ಗೆ ಕೇಳಿದರು.

"ಅರ್ಧ ರೊಟ್ಟಿಗೇ ಕೈ ತೊಳಿತಾರ್ರಿ. ಹಸಿವಿಲ್ಲ ಅಂತಾರ" ಎಂದಳು ನನ್ನ ಹೆಂಡತಿ.

ಡಾಕ್ಟರು ಹೋದ ಮೇಲೆ ಅತ್ತೆಯ ಪಕ್ಕದಲ್ಲಿ ಕುಳಿತೆ. "ಖರೇನ ಹಸಿವಿಲ್ಲೇನು ಅತ್ತಿ?"

"ಹಸಿವು ಐತಿ ತಮ್ಮಾ. ಬೇಡಾಕ ಬಾಯಿ ಬರಂಗಿಲ್ಲ. ನಾಕು ಮಂದಿಗೆ ಬಡಿಸಿ ಉಂಡಾಕಿ ನಾ. ಸುಮ್ಮನ ಕುಂತು ಉಣ್ಣಾಕ ನಾಚಿಕಿ ಆಗತೈತಿ."

ವೈದ್ಯ ಬಲ್ಲವರು ದೇಹ ಕೆಡಲು ವಾತ, ಪಿತ್ತ, ಕಫ ಎಂದು ಮೂರು ಕಾರಣ ಹೇಳುತ್ತಾರೆ. ನಾಚಿಕೆ ಎಂಬ ನಾಲ್ಕನೆಯದನ್ನು ನಾನು ಅಂದು ನನ್ನ ಮನೆಯಲ್ಲೇ ಕಂಡೆ.

ಆ ವರ್ಷಗಳಲ್ಲಿ ಸಿಂಧನೂರಿನ ಸುತ್ತ ಕಾಲುವೆ ಅಗೆಯುತ್ತಿದ್ದರು. ಆ ಕೆಲಸಕ್ಕೆ ಬಂದ ಪರವೂರಿನ ಕಾರಕೂನರಿಗೆ ಊಟದ ತಾಪತ್ರಯ. ನಮ್ಮ ಪಡಸಾಲೆಯಲ್ಲೇ ಎಲೆ ಹಾಕೋಣವೆಂದಳು ಅತ್ತೆ. ಮಾಸ್ತರನ ಮಾನ ಎರಡು ದಿನ ಒದ್ದಾಡಿ ಮೂರನೆಯ ದಿನ ಒಪ್ಪಿತು. ಮೊದಮೊದಲು ಕುಳಿತಲ್ಲಿಂದ ಹುಕುಂ ನಡೆಸಿದಳು, ಆಮೇಲೆ ಹಿಟ್ಟು ನಾದಿದಳು, ಮಳೆಗಾಲ ಮುಗಿಯುವಷ್ಟರಲ್ಲಿ ಕೋಲು ಮರೆತು ಓಡಾಡಿದಳು. ಎಲ್ಲರ ಊಟವಾದ ಮೇಲೆ ಎರಡು ರೊಟ್ಟಿ ತಿನ್ನುತ್ತಿದ್ದಳು, ತಾನೇ ಹಾಕಿಕೊಂಡು.

ನಾನು ಸುಮ್ಮನಿದ್ದೆನೇ? "ವಯಸ್ಸಾದವರನ್ನ ಕೂಡಿಸಬ್ಯಾಡ್ರಿ, ದುಡಿಸ್ರಿ" ಎಂದು ಕಂಡಕಂಡವರಿಗೆ ಭಾಷಣ ಶುರು ಮಾಡಿದೆ. ಅದು ಹುಲಿಗೆಮ್ಮನ ಕಿವಿಗೂ ಬಿತ್ತು. ಕಾಲುವೆಯಲ್ಲಿ ಮಣ್ಣು ಹೊರುತ್ತಿದ್ದ ಅವಳು ವಾರಕ್ಕೊಮ್ಮೆ ನಮ್ಮಲ್ಲಿ ಜೋಳ ಹಸನು ಮಾಡಲು ಬರುತ್ತಿದ್ದಳು. ಅತ್ತೆಗಿಂತ ಹತ್ತು ವರ್ಷ ಚಿಕ್ಕವಳು, ಆಗಲೇ ಬೆನ್ನು ಬಾಗಿತ್ತು.

"ಆ ಮಾತು ನನ್ನ ಮುಂದ ಆಡಬ್ಯಾಡ್ರಿ ಮಾಸ್ತರ" ಎಂದಳು. "ನನ್ನ ಬೆನ್ನು ಬಗ್ಗಿದ್ದು ಕುಂತಲ್ಲ, ಹೊತ್ತು. ನಿಮ್ಮತ್ತಿ ಸಾಕಾದ್ರ ಒಲಿ ಮುಂದಿಂದ ಏಳ್ತಾಳ. ನಾ ಬುಟ್ಟಿ ಇಳಿಸಿದ್ರ ಅವತ್ತು ನಮ್ಮ ಒಲಿನ ಹೊತ್ತಂಗಿಲ್ಲ."

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಒಳಗಿನಿಂದ ಅತ್ತೆಯ ದನಿ ಬಂತು: "ಹುಲಿಗೆಮ್ಮಾ, ನಾಳಿಂದ ಇಲ್ಲೇ ಬಾ. ಕುಂತು ಮಾಡೋ ಕೆಲಸ ಭಾಳ ಐತಿ. ಕೂಲಿ ಕೊಡ್ತೀನಿ, ಎರಡು ಹೊತ್ತು ಊಟ ಹಾಕ್ತೀನಿ. ಸಾಕಾದಾಗ ಮಲಕ್ಕೋ."

ಮರುದಿನ ಮಧ್ಯಾಹ್ನ ಹುಲಿಗೆಮ್ಮ ಉಂಡು, ಪಡಸಾಲೆಯಲ್ಲಿ ತೋಳನ್ನೇ ದಿಂಬು ಮಾಡಿ ಮಲಗಿದಳು. ಅತ್ತೆ ಕಾಲು ಸಪ್ಪಳ ಮಾಡದೆ ಅವಳನ್ನು ದಾಟಿ ಹೋದಳು. ಹುಲಿಗೆಮ್ಮನ ಬೆನ್ನು ಮುಂದೆಂದೂ ನೆಟ್ಟಗಾಗಲಿಲ್ಲ, ಆದರೆ ಇನ್ನಷ್ಟು ಬಾಗದೆ ಅಷ್ಟಕ್ಕೇ ನಿಂತಿತು.

ಅಂದಿನಿಂದ ನಾನು ಹಿರಿಯರಿಗೆ ವಿಶ್ರಾಂತಿಯನ್ನೂ ಕೊಡಲು ಹೋಗುವುದಿಲ್ಲ, ಕೆಲಸವನ್ನೂ ಹೇಳುವುದಿಲ್ಲ. ಏನು ಬೇಕೆಂದು ಅವರನ್ನೇ ಕೇಳುತ್ತೇನೆ. ಮಾಸ್ತರನಿಗೆ ಇದು ಸುಲಭವಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಕೇಳಿ ಅವನಿಗೆ ಅಭ್ಯಾಸ.