ನಾನು ಸುಳ್ಳು ಓದಿದ ಸೊನ್ನೆ-ಒಂದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೈಯುವುದು ಸುಲಭವಾಗಲಿ. ಕಾಲೇಜಿನ ವಸ್ತುಪ್ರದರ್ಶನದ ದಿನ ಮಾದೇಶನ ಪ್ರೋಗ್ರಾಮು ಎಲ್ಲರ ಮುಂದೆ ಮಣ್ಣುಮುಕ್ಕಲಿ ಎಂದೇ ನಾನು ಸುಳ್ಳು ಓದಿದೆ. ಕಣ್ಣು ಮಂಜಾಗಿತ್ತು, ಗಂಟಲು ಕಟ್ಟಿತ್ತು ಎಂಬ ನೆಪವೇನೂ ಇಲ್ಲ. ಹೊಟ್ಟೆಕಿಚ್ಚು, ಅಷ್ಟೆ. ಇನ್ನೊಂದು ಮಾತು: ವಿಚಿತ್ರ ನಡೆಯಿತು, ಮೈ ಜುಂ ಎಂದಿತು ಎನ್ನುವವರನ್ನು ನಾನು ನಂಬುತ್ತಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಕೂಗಿದರು ಎನ್ನುತ್ತಿದ್ದ ಚಿಕ್ಕಪ್ಪನ ನಡುಗುವ ದನಿಯನ್ನು ಅವನೆದುರೇ ಅನುಕರಿಸಿ ಮನೆಯವರನ್ನೆಲ್ಲ ನಗಿಸಿದವನು ನಾನು. ಈಗ ನನ್ನ ಸರದಿ. ನಗುವವರು ನಗಬಹುದು.

ಆಗ ನಾನು ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಕಂಪ್ಯೂಟರ್ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಎಂಬುದೂ ಮಿಮಿಕ್ರಿಯೇ. ನನ್ನ ಬಂಡವಾಳವೆಲ್ಲ ಗಂಟಲು. ಕಂಡಕ್ಟರು, ಪ್ರಿನ್ಸಿಪಾಲರು, ಕೇರಳದ ಲಾರಿ ಡ್ರೈವರು ಮಾತಾಡುವ ಕನ್ನಡ, ಎಲ್ಲವೂ ನನ್ನ ಬಾಯಲ್ಲಿತ್ತು. ನನ್ನ ಸ್ವಂತ ದನಿ ಯಾವುದೆಂದು ಅವ್ವನಿಗೂ ಅನುಮಾನ. ಅದೇ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಕ್ಲಾಸಿನ ಸವಿತಾ ಊರು ದಾಟಿದಾಗಿನಿಂದ ನಗಲು ಶುರು ಮಾಡಿದರೆ ಕಾಲೇಜು ಬರುವವರೆಗೂ ನಗುತ್ತಿದ್ದಳು. ಆ ನಗು ನನ್ನ ಪಾಲಿನದು ಎಂದುಕೊಂಡಿದ್ದೆ.

ಆಮೇಲೆ ನಮ್ಮದೇ ಕ್ಲಾಸಿನ, ಕುದೇರಿನ ಮಾದೇಶ ಒಂದು ಪ್ರೋಗ್ರಾಮು ಬರೆದ. ಕನ್ನಡದಲ್ಲಿ ಏನು ಟೈಪು ಮಾಡಿದರೂ ಅದನ್ನು ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲಾಗಿ ಮಾಡುತ್ತಿತ್ತು. ಆ ಸಾಲನ್ನು ಮರಳಿ ಕೊಟ್ಟರೆ ಮತ್ತೆ ಕನ್ನಡ ಮಾಡುತ್ತಿತ್ತು. ಒಂದು ‘ಅ’ ಬರೆಯಲು ಇಪ್ಪತ್ತನಾಲ್ಕು ಅಂಕಿ. ಒಂದೇ ಒಂದು ಅಂಕಿ ಆಚೀಚೆ ಆದರೂ ಬೇರೆ ಅಕ್ಷರ ಬರುತ್ತದೆ, ಇಲ್ಲವೇ ಪ್ರಶ್ನೆಚಿಹ್ನೆ ಬಂದು ಕೂರುತ್ತದೆ. ಬಸ್ಸಿನಲ್ಲಿ ಸವಿತಾ ನಗುವುದನ್ನು ಬಿಟ್ಟು ಮೊಬೈಲಿನಲ್ಲಿ ಮಾದೇಶನ ಹತ್ತಿರ ಅನುಮಾನ ಕೇಳತೊಡಗಿದಳು. ನಾನು ಪಕ್ಕದ ಸೀಟಿನಲ್ಲಿ ಪ್ರಿನ್ಸಿಪಾಲರಾಗಿ ಕೆಮ್ಮಿದರೂ ತಲೆ ಎತ್ತಲಿಲ್ಲ.

ಪ್ರದರ್ಶನಕ್ಕೆ ನಮ್ಮ ಮೇಷ್ಟ್ರು ಒಂದು ಏರ್ಪಾಡು ಮಾಡಿದರು. ಎರಡು ಲ್ಯಾಪ್‌ಟಾಪು ಹಾಲಿನ ಎರಡು ತುದಿಯಲ್ಲಿ; ನಡುವೆ ವೈರಿಲ್ಲ, ನೆಟ್ಟಿಲ್ಲ. ಈ ತುದಿಯಲ್ಲಿ ಅತಿಥಿ ಒಂದು ಪದ ಕೊಡಬೇಕು, ಬಂದ ಅಂಕಿಗಳನ್ನು ಒಬ್ಬ ಗಟ್ಟಿಯಾಗಿ ಕೂಗಬೇಕು, ಆ ತುದಿಯಲ್ಲಿ ಬೆನ್ನು ಮಾಡಿ ಕೂತವರು ಕೇಳಿಸಿಕೊಂಡು ಒತ್ತಬೇಕು. ಜನ ನಂಬುವುದು ಹಾಗೆಯೇ ಎಂದರು. ಒತ್ತುವವಳು ಸವಿತಾ. ಕೂಗುವವನು? ಮಾದೇಶ ನನ್ನ ಹೆಗಲ ಮೇಲೆ ಕೈ ಹಾಕಿದ.

“ನೀನೇ ಓದ್ಬೇಕು ಕಣ್ಲಾ. ನಿನ್ ಗಂಟ್ಲು ಕೊಳ್ಳೇಗಾಲದ್ಗಂಟ ಕೇಳ್ತದೆ.”

ಚೆನ್ನಾಗಿ ಆದರೆ ಮೈಸೂರಿನ ಸ್ಪರ್ಧೆಗೆ ಇಬ್ಬರು ಹೋಗುವುದೆಂದು ತೀರ್ಮಾನವಾಗಿತ್ತು: ಬರೆದವನು, ಒತ್ತುವವಳು. ಕೂಗುವವನನ್ನು ಯಾರು ಕರೆದೊಯ್ಯುತ್ತಾರೆ, ಮೈಸೂರಿನಲ್ಲಿ ಗಂಟಲಿಗೆ ಬರವೇ?

ಅತಿಥಿಯಾಗಿ ಬಂದಿದ್ದ ಮೇಡಂ ಯಾರಿಗೂ ಕಾಣದಂತೆ ಒಂದು ಪದ ಟೈಪು ಮಾಡಿದರು. ಮಾದೇಶ ಪರದೆಯನ್ನು ನನ್ನ ಕಡೆ ತಿರುಗಿಸಿದಾಗ ಅಲ್ಲಿದ್ದದ್ದು ಬರೀ ಅಂಕಿ. ಮೊದಲ ಅಕ್ಷರದ ಅಂಕಿಗಳನ್ನು ಪ್ರಾಮಾಣಿಕವಾಗಿಯೇ ಓದಿದೆ, ಸೊನ್ನೆಗೆ ಕಂಡಕ್ಟರ ದನಿ, ಒಂದಕ್ಕೆ ಪ್ರಿನ್ಸಿಪಾಲರದು. ಹಾಲೆಲ್ಲ ನಕ್ಕಿತು. ಸವಿತಾ ನಗಲಿಲ್ಲ. ಅವಳು ಸ್ವಲ್ಪ ತಿರುಗಿ, ನನ್ನನ್ನು ದಾಟಿ ಮಾದೇಶನನ್ನು ನೋಡಿದಳು. ಎಲ್ಲ ಸರಿಹೋಗಲಿ ಎಂದು ದೇವರಿಗೆ ಬೇಡಿಕೊಳ್ಳುವವರ ಮುಖ ಹಾಗಿರುತ್ತದೆ. ನನಗಾಗಿ ಯಾರೂ ಆ ಮುಖ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ನಾನು ಪರದೆ ನೋಡಲೇ ಇಲ್ಲ. ಕಿಟಕಿಯಾಚೆ ಒಬ್ಬ ಹುಲ್ಲಿನ ಹೊರೆಯನ್ನು ಸ್ಕೂಟರಿಗೆ ಕಟ್ಟಲು ಒದ್ದಾಡುತ್ತಿದ್ದ. ಅವನನ್ನೇ ನೋಡುತ್ತ ಬಾಯಿಗೆ ಬಂದಂತೆ ಸೊನ್ನೆ, ಒಂದು, ಒಂದು, ಸೊನ್ನೆ ಎಂದು ಕೂಗಿದೆ. ಸಾಕು ಅನ್ನಿಸಿದಾಗ ನಿಲ್ಲಿಸಿದೆ. ಸವಿತಾ ಕೊನೆಯ ಗುಂಡಿ ಒತ್ತಿದಳು. ಪ್ರಶ್ನೆಚಿಹ್ನೆಗಳ ಜಾತ್ರೆ ನೋಡಲು ನಾನು ಮುಖವನ್ನು ಆಗಲೇ ಸಪ್ಪೆ ಮಾಡಿಕೊಂಡಿದ್ದೆ.

“ಅರಿಶಿನ,” ಎಂದು ಓದಿದಳು.

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಕೊಟ್ಟ ಪದ ಅದೇ.

ಮಾದೇಶ ಓಡಿಬಂದು ತಬ್ಬಿಕೊಂಡು, “ನೀನಿಲ್ದಿದ್ರೆ ಆಯ್ತಿರ್ನಿಲ್ಲ ಕಣ್ಲಾ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ತಪ್ಪನ್ನು ತಾನೇ ತಿದ್ದುವ ಜಾಣತನ ಆ ಪ್ರೋಗ್ರಾಮಿಗೆ ಇದ್ದೀತೆಂದು ಆ ಸಂಜೆಯೇ ಲ್ಯಾಬಿನಲ್ಲಿ ಕೂತು ಮನಸ್ಸಿಗೆ ಬಂದ ಅಂಕಿ ಒತ್ತಿ ನೋಡಿದೆ. ಬರೀ ಪ್ರಶ್ನೆಚಿಹ್ನೆ. ಮತ್ತೆ ಒತ್ತಿದೆ, ಮತ್ತೆ ಅದೇ. ಅವನು ಬರೆದದ್ದನ್ನು ಸಾಲುಸಾಲಾಗಿ ಓದಿದೆ, ಎಲ್ಲೂ ಮೋಸವಿರಲಿಲ್ಲ. ಕಣ್ಣಂಚಿನಲ್ಲಿ ಕಂಡದ್ದನ್ನು ನನ್ನ ಬಾಯಿ ನನಗೆ ತಿಳಿಯದಂತೆ ಸರಿಯಾಗಿ ಓದಿತೇ? ಸ್ಕೂಟರಿನವನು ಹೊರೆಗೆ ಹಾಕಿದ ಗಂಟು ಕೂಡ ನೆನಪಿದೆ, ಅಂಕಿ ಒಂದೂ ನೆನಪಿಲ್ಲ. ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಅವರಿಬ್ಬರೂ ಮೈಸೂರಿಗೆ ಹೋಗಿಬಂದರು. ಬಂದ ಮೇಲೆ ಸವಿತಾಳ ಬಾಯಲ್ಲಿ ಬರೀ ಮಾದೇಶ: ಮಾದೇಶ ಹೀಗಂದ, ಮಾದೇಶ ಹಾಗೆ ಉತ್ತರ ಕೊಟ್ಟ. ಒಂದು ಸಂಜೆ ವಾಪಸ್ಸು ಬರುವ ಬಸ್ಸಿನಲ್ಲಿ ತಡೆಯಲಾಗಲಿಲ್ಲ. ಯಾರ ದನಿಯನ್ನೂ ಮಾಡದೆ, ಅಪರೂಪಕ್ಕೆ ನನ್ನದರಲ್ಲೇ ಹೇಳಿದೆ: “ಅವತ್ತು ನಾನು ಓದಿದ್ದೆಲ್ಲ ಸುಳ್ಳು ಕಣಮ್ಮಿ. ಮೊದ್ಲಕ್ಷರ ಬುಟ್ರೆ ಮಿಕ್ಕಿದ್ದೆಲ್ಲ ಬಾಯಿಗೆ ಬಂದಂಗೆ ಕೂಗ್ದೆ. ಆದ್ರೂ ಸರ್ಯಾಗೇ ಬಂತು. ಅವ್ವನಾಣೆ.”

ಬೆದರಿಯಾಳು, ಇಲ್ಲ ರೇಗಿಯಾಳು ಎಂದು ಕಾದೆ.

“ಪ್ರೋಗ್ರಾಮ್ ಅವ್ನ್ ಬರ್ದ, ಟೈಪು ನಾನ್ ಮಾಡ್ದೆ. ಈಗ ಪವಾಡ ಮಾತ್ರ ನಿಂದು ಅಂತೀಯಾ?” ಎಂದಳು. “ಅಷ್ಟೊಂದ್ ಉರೀತಿದ್ರೆ ಮಜ್ಜಿಗೆ ಕುಡ್ದು ಮನಿಕೋ ಓಗು.”